ಹನ್ನೆರಡೂವರೆ ಗಂಟೆ ಸ್ಲೋ

ಮೈಸೂರಿನ ಹೂಟಗಳ್ಳಿಯ ಕೆಎಚ್‌ಬಿ ಕಾಲೋನಿಯಲ್ಲಿ ಯಾವ ಬೀದಿಗೆ ಬೇಕಾದರೂ ಹೋಗಿ, ಒಬ್ಬರಾದರೂ ‘ಅಮೆರಿಕ ರಾಯರು’ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಕಾಲಿಗೆ ಮಗಳು ಕೊಡಿಸಿದ ಬಿಳಿ ಶೂ, ತಲೆಗೆ ಅಳಿಯನ ಆಫೀಸಿನಲ್ಲಿ ಪುಕ್ಕಟೆ ಸಿಕ್ಕ ಟೋಪಿ, ಜೇಬಿನಲ್ಲಿ ಜಿಪ್‌ಲಾಕ್ ಚೀಲದೊಳಗೆ ನಾಲ್ಕು ಬಾದಾಮಿ. ಇಲ್ಲಿದ್ದಾಗ ಅವರು ‘ನಮ್ಮಲ್ಲಿ’ ಅಂದರೆ ಅಮೆರಿಕ, ಅಲ್ಲಿದ್ದಾಗ ‘ನಮ್ಮಲ್ಲಿ’ ಅಂದರೆ ಹೂಟಗಳ್ಳಿ. ಒಟ್ಟಿನಲ್ಲಿ ರಾಯರು ಎಲ್ಲಿರುತ್ತಾರೋ ಅವರ ‘ನಮ್ಮಲ್ಲಿ’ ಮಾತ್ರ ಅಲ್ಲಿರುವುದಿಲ್ಲ.

ನಮ್ಮ ಬೀದಿಯ ರಾಯರು ಬೆಮೆಲ್‌ನವರು. 1984ರಲ್ಲಿ ಮೈಸೂರಿನ ಕಾರ್ಖಾನೆ ಶುರುವಾದಾಗ ಸೇರಿ, ಡಂಪರ್ ಲಾರಿಗಳನ್ನು ಬಡಿದು ತಟ್ಟಿ ‘ಪಾಸ್’, ‘ರಿಜೆಕ್ಟ್’ ಎಂದು ಚೀಟಿ ಅಂಟಿಸುತ್ತಲೇ ನಿವೃತ್ತರಾದರು. ಮಗಳು, ಮೊಮ್ಮಗಳು ಪುಟ್ಟಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಎರಡು ವರ್ಷಕ್ಕೊಮ್ಮೆ ಗಂಡ ಹೆಂಡತಿ ಅಲ್ಲಿಗೆ ಹೋಗಿ, ವಿಮಾನ ನಿಲ್ದಾಣದಲ್ಲಿ ಕೊಡುವ ಆರು ತಿಂಗಳ ಅವಧಿಯಲ್ಲಿ ಒಂದು ದಿನವನ್ನೂ ಪೋಲು ಮಾಡದೆ ಇದ್ದು ಬರುತ್ತಾರೆ.

ಅವರ ಮನೆಯ ಹಾಲಿನಲ್ಲಿ ಎರಡು ಗೋಡೆ ಗಡಿಯಾರ. ಬೆಳಿಗ್ಗೆ ಒಂದರಲ್ಲಿ ಏಳು ಗಂಟೆಯಾದರೆ ಇನ್ನೊಂದರಲ್ಲಿ ಆರೂವರೆ. ಬಂದವರೆಲ್ಲ ತಪ್ಪದೆ ಹೇಳುತ್ತಾರೆ: “ರಾಯರೇ, ಆ ಗಡಿಯಾರ ಅರ್ಧ ಗಂಟೆ ಸ್ಲೋ.”

ರಾಯರು ಕಾಯುವುದೇ ಈ ಮಾತಿಗೆ. “ಅರ್ಧ ಗಂಟೆ ಅಲ್ಲ ಸ್ವಾಮಿ, ಹನ್ನೆರಡೂವರೆ ಗಂಟೆ ಸ್ಲೋ. ನಮ್ಮಲ್ಲಿ ಈಗ ನಿನ್ನೆ ಸಾಯಂಕಾಲ.”

ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಲ್ಲ, ಅವತ್ತು ಹೂಟಗಳ್ಳಿಯಲ್ಲಿ ರಾಯರೂ ಸ್ಟೂಲು ಹತ್ತುತ್ತಾರೆ. ಮಾರ್ಚಿನ ಎರಡನೇ ಭಾನುವಾರ ಮತ್ತೆ ಹತ್ತಿ ಮುಂದಕ್ಕೆ ತಿರುಗಿಸುತ್ತಾರೆ. ಸ್ಟೂಲು ಹಿಡಿದುಕೊಳ್ಳುವ ಕೆಲಸ ಅವರ ಹೆಂಡತಿಯದು.

ಇಷ್ಟು ಕರಾರುವಾಕ್ಕಾದ ಮನುಷ್ಯನಿಗೆ ಒಂದು ಕ್ರಿಯಾಪದ ಕೈಕೊಟ್ಟಿತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳು ವಾಟ್ಸಾಪಿನಲ್ಲಿ ಬಂದು, “ಅಪ್ಪಾ, ಪುಟ್ಟಿ ಒಬ್ಬ ಹುಡುಗನ್ನ ನೋಡ್ತಿದಾಳೆ” ಅಂದಳು.

“ಭೇಷ್! ಯಾವಾಗ ನೋಡಿದ್ಲು?”

“ಒಂದು ವರ್ಷದಿಂದ ನೋಡ್ತಿದಾಳೆ.”

“ಒಂದು ವರ್ಷಾನಾ? ಇನ್ನೂ ನೋಡಿ ಮುಗಿದಿಲ್ವಾ?”

ಅಲ್ಲಿನ ‘ಸೀಯಿಂಗ್’ ಅನ್ನು ಮಗಳು ಇದ್ದ ಹಾಗೇ ಕನ್ನಡಕ್ಕೆ ಇಳಿಸಿದ್ದಳು. ರಾಯರು ಕಂಡಂತೆ ನೋಡುವುದೆಂದರೆ ಉಪ್ಪಿಟ್ಟು, ಕೇಸರಿಬಾತು, ಹುಡುಗಿಯಿಂದ ಒಂದು ದೇವರನಾಮ, ಏಳುವಾಗ ‘ಊರಿಗೆ ಹೋಗಿ ಕಾಗದ ಬರೀತೀವಿ’. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಹತ್ತಾರು ಜನರ ಪರವಾಗಿ ಹೋಗಿ ಅವರು ನೋಡಿ ಬಂದಿದ್ದಾರೆ. ವರ್ಷಗಟ್ಟಲೆ ನೋಡಿದರೆ ನೋಡಿದವರಿಗೆ ಕಣ್ಣು ನೋಯುವುದಿಲ್ಲವೇ?

“ಯಾರ ಪೈಕಿ ಹುಡುಗ?” ಎಂದರು.

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ರಾಯರು ಬಾಲ್ಕನಿಗೆ ಬಂದರು. ಅಲ್ಲಿಗೇ ಬಂತು ಉತ್ತರ: “ಅಪ್ಪಾ, ಅಮೆರಿಕನ್.”

“ಗೊತ್ತಮ್ಮ, ಪುಟ್ಟೀನೂ ಅಮೆರಿಕನ್ನೇ. ಅಮೆರಿಕನ್ ಅಂದ್ರೆ ತುಮಕೂರು ಕಡೆಯವರಾ, ಹಾಸನದ ಕಡೆಯವರಾ?”

“ಬಿಳೀ ಅಮೆರಿಕನ್ ಅಪ್ಪಾ.”

ಅಂದು ವಾಕಿಂಗಿನಲ್ಲಿ ರಾಯರು ಬಾದಾಮಿ ತೆಗೆಯಲಿಲ್ಲ. ಅವರ ದುಃಖ ನನಗೆ ಅರ್ಥವಾಗುತ್ತಿತ್ತು. ಮೊಮ್ಮಗಳಿಗೆಂದು ಅವರು ಏನೂ ಕಡಿಮೆ ಮಾಡಿರಲಿಲ್ಲ. 2014ರಲ್ಲಿ ಸ್ಯಾನ್ ಹೋಸೆಯಲ್ಲಿ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ನಡೆದಾಗ ಅವಳ ಹೆಗಲಿಗೆ ಹಳದಿ ಕೆಂಪು ಶಾಲು ಹೊದಿಸಿ ಕರೆದುಕೊಂಡು ಹೋದವರು ಅವರೇ. ಫ್ರೀಮಾಂಟಿನ ಎಲಿಜಬೆತ್ ಕೆರೆಯ ಏರಿಯ ಮೇಲೆ ಸಂಜೆ ನಡೆಯುವ ಎಲ್ಲ ತಾತಂದಿರ ಮೊಮ್ಮಕ್ಕಳ ಪಟ್ಟಿಯೂ ಅವರ ಡೈರಿಯಲ್ಲಿತ್ತು: ನಕ್ಷತ್ರ, ಎತ್ತರ, ಪೇಟೆಂಟು. ತಾತಂದಿರ ಮಟ್ಟದಲ್ಲಿ ಎರಡು ಸಂಬಂಧ ಹೆಚ್ಚುಕಡಿಮೆ ಕುದುರಿಯೂ ಇದ್ದವು. ಮೊಮ್ಮಕ್ಕಳಿಗೆ ಹೇಳುವುದೊಂದು ಬಾಕಿ ಇತ್ತು.

ಹಾಗಂತ ರಾಯರು ಹಟಮಾರಿಯಲ್ಲ. ಹೂಟಗಳ್ಳಿ ಬೆಳೆದ ಹಾಗೇ ಅವರೂ ಬೆಳೆದವರು. ನಾನು ಇಲ್ಲಿಗೆ ಬಂದಾಗ ಇದು ಗ್ರಾಮ ಪಂಚಾಯಿತಿ. ಆಮೇಲೆ ಹಿನಕಲ್, ಕೂರ್ಗಳ್ಳಿ ಎಲ್ಲವನ್ನೂ ಒಳಗೆ ಹಾಕಿಕೊಂಡು ನಗರಸಭೆಯಾಯಿತು. ರಾಯರ ಗಡಿಯೂ ಹಾಗೇ. ಪುಟ್ಟಿಗೆ ಇಪ್ಪತ್ತೊಂದಾದಾಗ ನಮ್ಮ ಒಳಪಂಗಡವೇ ಆಗಬೇಕು ಅಂದಿದ್ದರು. ಇಪ್ಪತ್ತೆರಡಕ್ಕೆ ಉಳಿದ ಒಳಪಂಗಡಗಳನ್ನು ಸೇರಿಸಿಕೊಂಡರು. ಇಪ್ಪತ್ಮೂರಕ್ಕೆ ಕನ್ನಡ ಮಾತಾಡುವ ಸಮಸ್ತರೂ ಒಳಗೆ ಬಂದರು. ಇಪ್ಪತ್ನಾಲ್ಕಕ್ಕೆ ತೆಲುಗಿನವರನ್ನೂ ಸೇರಿಸುವ ಪ್ರಸ್ತಾವ ಪರಿಶೀಲನೆಯಲ್ಲಿದ್ದಾಗಲೇ ಈ ಫೋನು ಬಂದದ್ದು.

ಮಾರನೆಯ ದಿನದಿಂದ ರಾಯರು ಸಂಶೋಧನೆಗೆ ಇಳಿದರು. “ನೋಡಿ ಸ್ವಾಮಿ, 1967ರವರೆಗೂ ಅವರ ಹದಿನಾರು ರಾಜ್ಯಗಳಲ್ಲಿ ಬಿಳಿಯರು ಬೇರೆ ಬಣ್ಣದವರನ್ನ ಮದುವೆ ಆಗೋ ಹಾಗೇ ಇರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದ ದಂಪತಿಗಳ ಹೆಸರೇನು ಗೊತ್ತಾ? ಲವಿಂಗ್! ಲವ್ವು ಮಾಡಿದ್ದಕ್ಕೆ ಇಟ್ಟ ಹೆಸರಲ್ಲ, ಮನೆತನದ್ದೇ.”

“ನಮ್ಮಲ್ಲೂ ಅಡ್ಡಿಯೇನಿಲ್ಲ ರಾಯರೇ. 1955ರ ಹಿಂದೂ ವಿವಾಹ ಕಾಯ್ದೆ ಗೋತ್ರದ ಅಡ್ಡಿ ಹಾಕಲ್ಲ,” ಎಂದೆ.

“ಹೌದೇ?” ಎಂದು ಅರಳಿದರು.

“ಸೋದರಮಾವ ಅಕ್ಕನ ಮಗಳನ್ನ ಮದುವೆ ಆಗಕೂಡದು ಅನ್ನುತ್ತೆ, ಅಷ್ಟೇ. ರೂಢಿಯಲ್ಲಿದ್ದರೆ ಆಗಬಹುದು ಅಂತ ಬಾಗಿಲು ತೆರೆದಿಟ್ಟಿದೆ.”

ರಾಯರು ಮಾತು ಬದಲಿಸಿ ಹಿನಕಲ್ ಫ್ಲೈಓವರಿನ ಟ್ರಾಫಿಕ್ಕಿನ ವಿಚಾರ ತೆಗೆದರು. ಆ ಬಾಗಿಲಿನಿಂದಲೇ ಒಳಗೆ ಹೋದವರು ಅವರು. ಹೆಂಡತಿ ಸ್ವಂತ ಅಕ್ಕನ ಮಗಳು.

ಡಿಸೆಂಬರಿನಲ್ಲಿ ಮಗಳ ಸಂಸಾರ ಹೂಟಗಳ್ಳಿಗೆ ಬರುವುದೆಂದೂ ಜೊತೆಗೆ ಆ ಹುಡುಗನೂ ಬರುವುದೆಂದೂ ನಿಶ್ಚಯವಾಯಿತು. ಮಗಳು ಫೋನಿನಲ್ಲಿ ಷರತ್ತು ಹಾಕಿದಳು. ಜಾತಿ ಕೇಳಬಾರದು. ಸಂಬಳ ಕೇಳಬಾರದು. ‘ಯಾವಾಗ?’ ಎಂದು ಕೇಳಲೇಬಾರದು. ಕೊನೆಯದು ಮೆಲ್ಲಗೆ ಬಂತು: “ಮತ್ತೆ ಅಪ್ಪಾ, ನೀವೂ ಅಮ್ಮನೂ ಏನಾಗ್ಬೇಕು ಅಂತ ಅವನ ಹತ್ರ ಹೇಳ್ಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಮದುವೆ ಅಸಿಂಧು.”

ಐವತ್ತು ವರ್ಷ ಸಂಸಾರ ಮಾಡಿದ ರಾಯರು ಆ ‘ಅಸಿಂಧು’ವನ್ನು ನುಂಗಿಕೊಳ್ಳಲು ಎರಡು ದಿನ ತೆಗೆದುಕೊಂಡರು. “ನೋಡಿದ್ರಾ ಸ್ವಾಮಿ, ನಾನು ಆ ಹುಡುಗನ್ನ ಹೂಟಗಳ್ಳಿಯಿಂದ ಬಚ್ಚಿಡಬೇಕು. ಅವರು ನನ್ನ ಮದುವೇನ ಆ ಹುಡುಗನಿಂದ ಬಚ್ಚಿಡಬೇಕು.”

ಹುಡುಗನನ್ನು ಬಚ್ಚಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ಇದು ಮೈಸೂರು. ಯೋಗಗುರು ಪಟ್ಟಾಭಿ ಜೋಯಿಸರ ಕಾಲದಿಂದ ಬಿಳಿಯರು ಇಲ್ಲಿಗೆ ಬಂದು ಬೆನ್ನು ಬಗ್ಗಿಸುತ್ತಿದ್ದಾರೆ, ಗೋಕುಲಂನಲ್ಲಿ ಯಾವ ಎಳನೀರಿನವನ ಹತ್ತಿರ ನಿಂತರೂ ನಾಲ್ವರು ಸಿಗುತ್ತಾರೆ. “ಯೋಗ ಕಲಿಯೋಕೆ ಬಂದಿದ್ದಾನೆ, ಪುಟ್ಟಿಗೆ ಪರಿಚಯ” ಎಂದು ರಾಯರು ಬೀದಿಗೆಲ್ಲ ಸಾರಿದರು. ಬೀದಿ ನಂಬಿತು. ಎಷ್ಟು ನಂಬಿತೆಂದರೆ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೇಟಿನ ಹತ್ತಿರವೇ ಹಿಡಿದು, “ಎಲ್ಲಪ್ಪ, ಒಂದು ಶೀರ್ಷಾಸನ ಹಾಕು” ಎಂದರು. ಆರಡಿ ಎರಡಂಗುಲದ ಹುಡುಗ ಪುಟ್ಟಿಯ ಮುಖ ನೋಡಿದ. ಪುಟ್ಟಿ ತಾತನ ಮುಖ ನೋಡಿದಳು. ತಾತ ಆಕಾಶ ನೋಡಿದರು. “ಜೆಟ್ ಲ್ಯಾಗ್ ಮೇಷ್ಟ್ರೇ, ರಕ್ತ ಇನ್ನೂ ಅಮೆರಿಕನ್ ಟೈಮಿನಲ್ಲಿದೆ” ಎಂದು ಒಳಗೆ ಎಳೆದುಕೊಂಡರು.

ನನ್ನನ್ನೂ ಕರೆದಿದ್ದರು, ಸಾಕ್ಷಿಗೆ. ಹುಡುಗ ದಿವಾನದ ತುದಿಯಲ್ಲಿ ಕೂತು ಉಪ್ಪಿಟ್ಟಿನಿಂದ ಒಂದೊಂದೇ ಸಾಸಿವೆ ಕಾಳು ಆರಿಸಿ ತಿನ್ನುತ್ತಿದ್ದ. ರಾಯರು ಕನ್ನಡಕ ಏರಿಸಿ ಅವನನ್ನು ಬಂಪರಿನಿಂದ ಹಿಡಿದು ಪೂರಾ ತಪಾಸಣೆ ಮಾಡುತ್ತಿದ್ದರು. ಅವನು ಗೋಡೆ ನೋಡಿದ. ಬೆಳಗಿನ ಹತ್ತೂವರೆ. ಪಕ್ಕದ ಗಡಿಯಾರದಲ್ಲಿ ಒಂಬತ್ತು.

“ಒಂಬತ್ತು ಗಂಟೆ. ನಮ್ಮಮ್ಮ ಈಗ ನಾಯಿಯನ್ನು ಸುತ್ತಾಡಿಸಿಕೊಂಡು ಮನೆಗೆ ಬಂದಿರುತ್ತಾಳೆ,” ಎಂದ ಇಂಗ್ಲಿಷಿನಲ್ಲಿ.

ಆ ಗಡಿಯಾರವನ್ನು ‘ಸ್ಲೋ’ ಅನ್ನದ ಮೊದಲ ಅತಿಥಿ ಅವನು. ರಾಯರು ಕನ್ನಡಕ ಇಳಿಸಿದರು.

ಎಲ್ಲ ಸರಿಹೋಯಿತು ಅನ್ನುವಾಗ ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು: “ಮಾವಾ, ಕಾಫಿ ಆರ್ತಾ ಇದೆ!”

ಹುಡುಗನ ಮುಖ ಬೆಳಗಿತು. ಪಾಪ, ಪುಟ್ಟಿ ಬರುವ ಮುಂಚೆ ತಿಂಗಳಾನುಗಟ್ಟಲೆ ಅವನಿಗೆ ಕನ್ನಡ ಹೇಳಿಕೊಟ್ಟಿದ್ದಳು. “ಮಾವ! ಅಮ್ಮನ ತಮ್ಮ!” ಎಂದ ಪರೀಕ್ಷೆಯಲ್ಲಿ ಪಾಸಾದವನ ಹಾಗೆ. ಆಮೇಲೆ ಹುಬ್ಬು ಗಂಟಿಕ್ಕಿತು. “ಅಜ್ಜಿ ತಾತನನ್ನು ಮಾವ ಅಂತ ಯಾಕೆ ಕರೆದರು?”

“ಮಾವ ಅಂದ್ರೆ ಅದೊಂದೇ ಅಲ್ಲ, ಗಂಡನ ಅಪ್ಪ ಅಂತಾನೂ ಆಗುತ್ತೆ,” ಎಂದು ಪುಟ್ಟಿ ಗಡಿಬಿಡಿಯಲ್ಲಿ ಹೇಳಿದಳು. ಅದು ಇನ್ನೂ ಕೆಟ್ಟಿತು. ಹುಡುಗ ರಾಯರನ್ನೂ ಅಜ್ಜಿಯನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದ. ಸಂಸಾರದ ವಂಶವೃಕ್ಷ ಅವನ ಕಣ್ಣೊಳಗೇ ಬುಡಮೇಲಾಗುತ್ತಿತ್ತು.

ಮಗಳು ಪರಿಸ್ಥಿತಿ ಸುಧಾರಿಸಲು, “ಅಪ್ಪ ಅಮ್ಮ ಮೊದಲು ಭೇಟಿಯಾದದ್ದು ಒಂದು ಫ್ಯಾಮಿಲಿ ಫಂಕ್ಷನ್‌ನಲ್ಲಿ,” ಎಂದಳು.

“ಓ, ಯಾವ ಫಂಕ್ಷನ್?”

“ನಾಮಕರಣ,” ಎಂದರು ರಾಯರು. ಸುಳ್ಳು ಹೇಳಿ ಅಭ್ಯಾಸವಿಲ್ಲ.

“ಯಾರದು?”

ಅಜ್ಜಿ ಕಾಫಿ ಲೋಟ ಅವನ ಕೈಗಿಟ್ಟು, “ನಂದೇ ಕಣಪ್ಪ,” ಎಂದರು. “ಇವರಿಗೆ ಆಗ ಹತ್ತು ವರ್ಷ. ನನ್ನ ಕಿವೀಲಿ ಹೆಸರು ಹೇಳೋವಾಗ ಪಕ್ಕದಲ್ಲಿ ಕೂತು ಚಿಗಳಿ ತಿಂತಿದ್ರಂತೆ.”

ಪುಟ್ಟಿ ಕಣ್ಣು ಮುಚ್ಚಿಕೊಂಡು ಇಂಗ್ಲಿಷಿಗೆ ಹೇಳಿದಳು. ಹುಡುಗ ಬಹಳ ಹೊತ್ತು ಫಿಲ್ಟರ್ ಕಾಫಿಯ ನೊರೆಯನ್ನೇ ನೋಡುತ್ತಿದ್ದ. ಕೊನೆಗೆ, “ನಮ್ಮ ಅಜ್ಜಿ ಸಂಪ್ರದಾಯಸ್ಥಳು. ಅವಳಿಗೆ ಇದನ್ನು ಹೇಳುವುದು ಬೇಡ, ಅಲ್ಲವೇ?” ಎಂದು ಪುಟ್ಟಿಯನ್ನು ಕೇಳಿದ.

ಸಂಪ್ರದಾಯಸ್ಥಳು ಎಂಬ ಮಾತು ಕಿವಿಗೆ ಬಿದ್ದದ್ದೇ ರಾಯರು ಎದ್ದು ಕೂತರು. “ಒಳ್ಳೇ ಮನೆತನದ ಹಾಗಿದೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಒಂದು ಹಂತದ ಇನ್‌ಸ್ಪೆಕ್ಷನ್ ಪಾಸಾಗಿತ್ತು.

ಜನವರಿಯಲ್ಲಿ ಎಲ್ಲರೂ ವಾಪಸಾದರು. ಮೊನ್ನೆ ವಾಕಿಂಗಿನಲ್ಲಿ ಡ್ರಿಲ್ ಮೇಷ್ಟ್ರು, “ಏನ್ರೀ, ಯೋಗದ ಹುಡುಗ ಹೋದನಾ?” ಎಂದು ಕೇಳಿದರು.

“ಮತ್ತೆ ಬರ್ತಾನೆ. ಎರಡು ವರ್ಷ ಆದ್ಮೇಲೆ ವೀಸಾ ತಾಪತ್ರಯಾನೂ ಇರಲ್ಲ, ಒಸಿಐ ಕಾರ್ಡೇ ಸಿಗುತ್ತೆ,” ಎಂದುಬಿಟ್ಟರು ರಾಯರು.

“ಎರಡು ವರ್ಷ ಯೋಗ ಮಾಡಿದರೆ ಒಸಿಐ ಕೊಡ್ತಾರಾ?”

ರಾಯರು ಜಿಪ್‌ಲಾಕ್ ಬಿಚ್ಚಿ ಮೇಷ್ಟ್ರ ಕೈಗೆ ಒಂದು ಬಾದಾಮಿ ಇಟ್ಟು, ಸರಸರನೆ ಮುಂದೆ ನಡೆದರು.