ಮೀನು ಕಾಣದಂತೆ ಬಡಿಸುವವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಮುಖ್ಯಭೂಮಿಯ ಊರೂರಲ್ಲಿ ಪೋಕೆ ಬೌಲ್ ಅಂಗಡಿಗಳ ಸರಣಿ ನಡೆಸುತ್ತಿರುವ ಸನ್ಮಾನ್ಯರಿಗೆ,



ಶಾಂತಸಾಗರದ ನಡುವಿನ ಕೆಲವು ದ್ವೀಪಗಳ ಜನ ತಲೆತಲಾಂತರದಿಂದ ಮಾಡಿಕೊಂಡು ಬಂದ ಒಂದು ತಪ್ಪನ್ನು ತಾವು ತಿದ್ದಿದ್ದೀರಿ. ಅದಕ್ಕೆ ಕೃತಜ್ಞತೆ ಹೇಳಲೆಂದೇ ಈ ಪತ್ರ. ಹವಾಯಿಯವರು ತಮ್ಮ ಹಸಿ ಮೀನಿನ ತಿನಿಸಾದ ಪೋಕೆ ಮಾಡಿದರೆ ತಿನ್ನುವವನಿಗೆ ಮೀನಿನ ರುಚಿ ಗೊತ್ತಾಗಿಬಿಡುತ್ತಿತ್ತು. ತಮ್ಮ ಅಂಗಡಿಗಳಲ್ಲಿ ಆ ಅಪಾಯವಿಲ್ಲ.

ಅವರ ಬಡತನವನ್ನಾದರೂ ನೋಡಿ. ದಂಡೆಯ ಹತ್ತಿರ ಹಿಡಿದ ಹಸಿ ಮೀನಿನ ತುಂಡುಗಳು, ಸಮುದ್ರದ ಉಪ್ಪು, ಲಿಮು ಎಂಬ ಕಡಲಪಾಚಿ, ಕುಕುಯಿ ಬೀಜ ಹುರಿದು ಕುಟ್ಟಿದ ಇನಮೋನ. ಮುಗಿಯಿತು. ಉಪ್ಪು ಮೀನನ್ನು ಎಚ್ಚರಿಸಬೇಕು, ಇನಮೋನ ಜಿಡ್ಡು ಕೊಡಬೇಕು, ಲಿಮು ಹಲ್ಲಿಗೆ ಸಿಕ್ಕಿ ಕಡಲಿನ ವಾಸನೆ ತರಬೇಕು. ಕೆಲಸವಿಲ್ಲದೆ ಸುಮ್ಮನೆ ಬಂದು ಕೂತ ಸಾಮಾನು ಒಂದೂ ಇಲ್ಲ. ಕಬ್ಬಿನ ತೋಟಗಳಿಗೆ ಚೀನಾ, ಜಪಾನ್, ಕೊರಿಯಾಗಳಿಂದ ಕೂಲಿಗಳು ಬಂದ ಮೇಲೆ ಸೋಯಾ ಸಾಸು, ಎಳ್ಳೆಣ್ಣೆ ಸೇರಿಕೊಂಡವು. ಅಹಿ ಎಂದು ಅವರು ಕರೆಯುವ ದೊಡ್ಡ ಟ್ಯೂನಾ ಮೀನು ಬಂತು, ಈರುಳ್ಳಿ ಬಂತು. ಇಷ್ಟು ಸೇರುವುದಕ್ಕೆ ಅವರಿಗೆ ತಲೆಮಾರುಗಳೇ ಬೇಕಾದವು. ತಮ್ಮ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಗ್ರಾಹಕನಿಗೆ ಎರಡು ನಿಮಿಷ ಸಾಕು: ಬೆಣ್ಣೆಹಣ್ಣು, ಮಾವು, ಅನಾನಸ್, ಜೋಳ, ಸೌತೆ, ಕೇಲ್ ಸೊಪ್ಪು, ಎಡಮಾಮೆ ಎಂಬ ಎಳೆ ಸೋಯಾಕಾಳು, ಗರಿಗರಿ ಈರುಳ್ಳಿ, ಮೇಲೆ ಮೂರು ಬಗೆಯ ಸಾಸು. ಅಡಿಯಲ್ಲೆಲ್ಲೋ, ಕ್ಷಮೆ ಕೇಳುತ್ತಿರುವಂತೆ, ನಾಲ್ಕು ಚೂರು ಮೀನು.

ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ತಮ್ಮ ಆಡಳಿತ ಜಾಣ್ಮೆಯನ್ನು. ತಾವು ಅಡುಗೆ ಮಾಡುವುದಿಲ್ಲ, ಆಯ್ಕೆ ಕೊಡುತ್ತೀರಿ. ಬೌಲು ಚೆನ್ನಾಗಿದ್ದರೆ ಅಂಗಡಿಯ ಹೆಸರು, ಕೆಟ್ಟರೆ ಟಾಪಿಂಗ್ ಆರಿಸಿದವನ ತಲೆ. ಈ ಉಪಾಯ ಉಡುಪಿ ಹೋಟೆಲಿನ ಭಟ್ಟರಿಗೆ ಹೊಳೆಯಲೇ ಇಲ್ಲ. ಸಾಂಬಾರಿಗೆ ಮೆಂತ್ಯ ಎಷ್ಟು ಹಾಕಲಿ ಎಂದು ನಮ್ಮನ್ನೇ ಕೇಳಿದ್ದರೆ, ಕಹಿಯಾದ ದಿನ ಬೈಸಿಕೊಳ್ಳುವುದಾದರೂ ಅವರಿಗೆ ತಪ್ಪುತ್ತಿತ್ತು.

ಅನಾನಸ್ ವಿಷಯದಲ್ಲಿ ತಮಗೆ ಘನವಾದ ಪರಂಪರೆಯ ಬೆಂಬಲವಿದೆ. ಹವಾಯಿಯನ್ ಪಿಜ್ಜಾ ಹುಟ್ಟಿದ್ದು 1962ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ, ಗ್ರೀಸಿನಿಂದ ಬಂದು ನೆಲೆಸಿದ ಸ್ಯಾಮ್ ಪನೋಪುಲೋಸ್ ಅವರ ಕೈಯಲ್ಲಿ. ಅನಾನಸ್ಸೂ ಹವಾಯಿಯದಲ್ಲ, ಅದರ ಮೂಲ ದಕ್ಷಿಣ ಅಮೆರಿಕ. ಆದರೂ ಒಂದು ತುಂಡು ಬಿದ್ದರೆ ಸಾಕು, ಯಾವ ತಿನಿಸಿಗೂ ಹವಾಯಿಯ ಪೌರತ್ವ ಸಿಗುತ್ತದೆ. ಹಸಿ ಅನಾನಸ್ಸಿನಲ್ಲಿ ಪ್ರೋಟೀನನ್ನು ಕರಗಿಸುವ ಬ್ರೊಮೆಲೇನ್ ಎಂಬ ಕಿಣ್ವವಿದೆ. ಸ್ವಲ್ಪ ಹೊತ್ತು ಬಿಟ್ಟರೆ ಮೀನು ಮೆತ್ತಗಾಗುತ್ತದೆ. ನಿಂಬೆರಸ ಹಿಂಡಿಟ್ಟರೆ ಅಂಚು ಬೆಳ್ಳಗಾಗಿ ಅದು ಹುಳಿರಸದಲ್ಲಿ ನೆನೆಸಿದ ಮೀನಿನ ತಿನಿಸಾದ ಪೆರು ದೇಶದ ಸೆವಿಚೆಯ ಕಡೆ ಹೊರಡುತ್ತದೆ. ಒಂದೇ ಬೌಲಿನ ದುಡ್ಡಿಗೆ ಎರಡು ದೇಶ, ಹಲ್ಲಿಗೆ ವಿಶ್ರಾಂತಿ. ಗ್ರಾಹಕನಿಗೆ ಇನ್ನೇನು ಬೇಕು?

ಹೊನೊಲುಲುವಿನ 38ನೇ ಪಿಯರಿನ ಹರಾಜುಕಟ್ಟೆಯನ್ನು ನೆನೆದರೆ ಮರುಕವಾಗುತ್ತದೆ. ಬೆಳಕು ಹರಿಯುವ ಮೊದಲೇ ಎದ್ದು ಬಂದ ವ್ಯಾಪಾರಿಗಳು ಬಾಲದ ಬಳಿಯ ಕೊಯ್ತ ನೋಡಿ, ಬಣ್ಣ ನೋಡಿ, ಕೊಬ್ಬು ನೋಡಿ ಒಂದೊಂದೇ ಮೀನಿಗೆ ಬೆಲೆ ಕೂಗುತ್ತಾರೆ. ಯಾಕಿಷ್ಟು ಶ್ರಮ? ಶ್ರೀರಾಚಾ ಎಂಬ ಖಾರದ ಸಾಸು ಬೆರೆಸಿದ ಮೇಯೊನೇಸು ಮೇಲೆ ಬಿದ್ದರೆ ಮೀನುಗಳಲ್ಲಿ ಮೇಲುಕೀಳು ಉಳಿಯುವುದಿಲ್ಲ. ಬಣ್ಣದ ಚಿಂತೆಯೂ ಬೇಡ. ಕಾರ್ಬನ್ ಮಾನಾಕ್ಸೈಡ್ ಹಾಯಿಸಿದ ಟ್ಯೂನಾ ಎಷ್ಟು ದಿನವಾದರೂ ನವವಧುವಿನಂತೆ ಕೆಂಪಗೇ ಇರುತ್ತದೆ. ಯುರೋಪಿನ ಒಕ್ಕೂಟ ಇದಕ್ಕೆ ಅವಕಾಶ ಕೊಡುವುದಿಲ್ಲ, ಅಮೆರಿಕ ಕೊಡುತ್ತದೆ. ಸ್ವಾತಂತ್ರ್ಯದ ನಾಡು ಎನ್ನುವುದು ಸುಮ್ಮನೆಯೆ?

ಹವಾಯಿಯವರನ್ನು ಮಡಿವಂತರೆಂದು ದೂರುವ ಹಾಗೂ ಇಲ್ಲ. ಅಲ್ಲಿಯ ಸೂಪರ್‌ಮಾರ್ಕೆಟ್ಟಿನ ಪೋಕೆ ಕೌಂಟರಿನಲ್ಲೇ ಮೇಯೊನೇಸಿನ ಖಾರದ ಅಹಿ ಇದೆ, ಕಿಮ್ಚಿ ಬೆರೆಸಿದ್ದಿದೆ, ಆಕ್ಟೋಪಸ್ಸಿನದಿದೆ, ತೋಫುವಿನದೂ ಇದೆ. ಅನ್ನದ ಮೇಲೆ ಹಾಕಿಕೊಂಡು ತಿನ್ನುವವರೂ ಬೇಕಾದಷ್ಟು. ಬಾಣಸಿಗ ಸ್ಯಾಮ್ ಚಾಯ್ 1990ರ ದಶಕದಲ್ಲಿ ಪೋಕೆ ಸ್ಪರ್ಧೆಯನ್ನೇ ಹೂಡಿ ಹೊಸ ಹೊಸ ಬಗೆಗಳಿಗೆ ದಾರಿ ಮಾಡಿಕೊಟ್ಟರು. ಹಾಗಾದರೆ ಅವರಿಗೂ ತಮಗೂ ವ್ಯತ್ಯಾಸವೇನು? ಅಲ್ಲಿ ಮೀನು ಬಲ್ಲ ಒಬ್ಬರು ರುಚಿ ನೋಡಿ, ಕಲಸಿ, ತೂಕ ಹಾಕಿ ಕೊಡುತ್ತಾರೆ. ಏನು ಹಾಕಬಾರದು ಎನ್ನುವುದನ್ನು ಅವರೇ ಮೊದಲು ತೀರ್ಮಾನಿಸಿರುತ್ತಾರೆ. ಇಲ್ಲಿ ತಾವು ಆ ಒಬ್ಬರನ್ನು ಸಂಬಳದ ಪಟ್ಟಿಯಿಂದ ತೆಗೆದಿದ್ದೀರಿ. ಟಾಪಿಂಗ್‌ಗಳ ಉದ್ದನೆಯ ಸಾಲು ಅವರ ಖಾಲಿ ಜಾಗವನ್ನು ಮುಚ್ಚುವ ಪರದೆ.

ತಿನಿಸಿನ ಜೊತೆಗೆ ಹೆಸರನ್ನೂ ಸುಧಾರಿಸಲು ತಮ್ಮ ಬಳಗದವರು ಹೊರಟಿದ್ದನ್ನು ಮರೆಯಲಾದೀತೆ? ಶಿಕಾಗೋದಲ್ಲಿ ಹುಟ್ಟಿದ ಸರಣಿಯೊಂದು ಹವಾಯಿಯವರ ನಿತ್ಯದ ಮಾತಾದ 'ಅಲೋಹಾ'ವನ್ನು ಸೇರಿಸಿ 'ಅಲೋಹಾ ಪೋಕೆ' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡು, ಅದನ್ನು ಬಳಸುತ್ತಿದ್ದವರಿಗೆ ವಕೀಲರ ನೋಟಿಸು ಕಳಿಸಿದ ಸುದ್ದಿ 2018ರಲ್ಲಿ ಹೊರಬಿತ್ತು. ಹವಾಯಿ ಮೂಲದವರೇ ಅಲಾಸ್ಕಾದಲ್ಲಿ ನಡೆಸುತ್ತಿದ್ದ ಪುಟ್ಟ ಅಂಗಡಿಯೊಂದು ಬೋರ್ಡು ಬದಲಿಸಬೇಕಾಯಿತು. ಶಿಕಾಗೋದ ಬೀದಿಯಲ್ಲಿ ಪ್ರತಿಭಟನೆಯಾಯಿತು, ಸರಣಿ ಕ್ಷಮೆಯನ್ನೂ ಕೇಳಿತು. ಆ ದ್ವೀಪದವರಿಗೆ ಇದು ತೀರಾ ಹೊಸದೇನಲ್ಲ. 1893ರಲ್ಲಿ ಅವರ ರಾಣಿ ಲಿಲಿಯುಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದಾಗ ನೆಲ ಹೋಗಿತ್ತು. ಈ ಸಲ ಬರೀ ಬೋರ್ಡು. ಪ್ರಗತಿಯಲ್ಲವೆ?

ಇಷ್ಟೆಲ್ಲ ಉಪಕಾರ ಪಡೆದ ಮೇಲೂ ಒಂದು ಸಣ್ಣ ಅಹವಾಲು ಉಳಿದಿದೆ. ತಮ್ಮ ಪಟ್ಟಿಯ ಕೊನೆಗೆ ಇನ್ನೊಂದು ಆಯ್ಕೆ ಸೇರಿಸಿ: ಮೀನು ಬಲ್ಲವರು ಕಲಸಿಕೊಟ್ಟಿದ್ದು. ಒಳ್ಳೆಯ ಅಹಿಯನ್ನು ಬಾಯಿಗೆ ಹಿಡಿಸುವಷ್ಟು ತುಂಡು ಮಾಡಲಿ, ಬಡಿಸುವ ಸ್ವಲ್ಪ ಮೊದಲಷ್ಟೇ ಉಪ್ಪೋ ಸೋಯಾ ಸಾಸೋ ಹಾಕಲಿ. ತುಂಬಾ ಮುಂಚೆ ಹಾಕಿದರೆ ಮೀನು ನೀರು ಬಿಟ್ಟುಕೊಳ್ಳುತ್ತದೆ. ನಾಲ್ಕು ತೊಟ್ಟು ಎಳ್ಳೆಣ್ಣೆ, ಒಂದಿಷ್ಟು ಈರುಳ್ಳಿ, ಒಂದು ಚಿಟಿಕೆ ಲಿಮು. ಮಾವಿನಹಣ್ಣು ಕೇಳಿದವನಿಗೆ ಬೇಡವೆನ್ನುವ ಅಧಿಕಾರವೂ ಅವರಿಗಿರಲಿ. ಅದಕ್ಕಾಗಿ ತಾವು ಹೆಚ್ಚುವರಿ ಎರಡು ಡಾಲರ್ ಹಾಕಿದರೂ ನನ್ನ ತಕರಾರಿಲ್ಲ. ಬೆಣ್ಣೆಹಣ್ಣಿಗೇ ಅಷ್ಟು ಕೊಟ್ಟು ಅಭ್ಯಾಸವಾಗಿದೆ.

ಇತಿ,
ತಮ್ಮ ಸರದಿ ಸಾಲಿನಲ್ಲಿ ನಿಂತಿರುವ,
ಒಬ್ಬ ಮೀನುಪ್ರಿಯ