ಕಟ್ಟಿಗೆ ಮಿಷನ್ನಿನ ಸಾಕಣೆ

ಚೈನ್‌ಸಾ ಎಂಬುದು ಪೆಟ್ರೋಲ್ ಕುಡಿದು ಮರ ತಿನ್ನುವ, ಐದಾರು ಕಿಲೋ ತೂಕದ ಗರಗಸ. ಹೊಸನಗರ ತಾಲ್ಲೂಕಿನ ನಗರ ಸೀಮೆಯಲ್ಲೂ ಅದರ ಆಚೀಚಿನ ಸಾಗರ, ತೀರ್ಥಹಳ್ಳಿಗಳಲ್ಲೂ ಅದನ್ನು ಆ ಹೆಸರಿನಿಂದ ಕರೆಯುವವರು ಅಂಗಡಿಯವರು ಮಾತ್ರ. ಉಳಿದವರಿಗೆ ಅದು ‘ಮಿಷನ್ನು’. ಮನೆಯಲ್ಲಿ ಅಡಿಕೆ ಸುಲಿಯುವುದು, ಹುಲ್ಲು ಹೊಡೆಯುವುದು, ಔಷಧಿ ಹೊಡೆಯುವುದು ಎಂದು ನಾಲ್ಕಾರು ಯಂತ್ರ ಇದ್ದರೂ, ಬರಿದೇ ‘ಮಿಷನ್ನು ಎಲ್ಲಿ?’ ಎಂದರೆ ಮರ ಕೊಯ್ಯುವುದೇ. ಆ ಪ್ರಶ್ನೆಗೆ ರೂಢಿಯ ಉತ್ತರ: ‘ಆಚೆಮನೆಯವರು ಒಯ್ದಿದಾರೆ.’

ಈ ಸೀಮೆಗೆ ಕಟ್ಟಿಗೆ ಏಕೆ ಬೇಕೆಂದು ತಿಳಿಯಲು ಆಷಾಢದಲ್ಲಿ ಒಂದು ದಿನ ಇಲ್ಲಿದ್ದರೆ ಸಾಕು. ಹುಲಿಕಲ್ಲು ನಗರದ ಮಗ್ಗುಲಲ್ಲಿದೆ, ಆಗುಂಬೆ ತೀರ್ಥಹಳ್ಳಿಗೆ ಸೇರಿದ್ದು. ಎರಡೂ ಕಡೆ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ಅಡುಗೆಮನೆಗೆ ಗ್ಯಾಸು ಬಂದು ಕಾಲವಾಯಿತು. ಬಚ್ಚಲ ಒಲೆ ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಹಂಡೆಯ ನೀರು ಕಾಯಿಸುವುದು ಆ ಒಲೆಯ ಅನೇಕ ಕೆಲಸಗಳಲ್ಲಿ ಒಂದು ಅಷ್ಟೆ. ಒಣಗದ ಬಟ್ಟೆ, ನೆನೆದ ಕಂಬಳಿ, ಹಲಸಿನ ಹಪ್ಪಳ ಸುಡಲು ಬಂದ ಮಕ್ಕಳು, ಸುಮ್ಮನೆ ಕೂತ ಅಜ್ಜ, ಎಲ್ಲರೂ ಅದರ ಆಶ್ರಿತರು. ಮಳೆ ಮುಗಿದು ದೀಪಾವಳಿಯ ಆಸುಪಾಸಿಗೆ ಅಡಿಕೆ ಬೇಯಿಸುವ ದೊಡ್ಡ ಒಲೆ ಹೊತ್ತಿತೆಂದರೆ ಕಟ್ಟಿಗೆಯ ಲೆಕ್ಕ ಹೊರೆಯಿಂದ ಗಾಡಿಗೆ ಏರುತ್ತದೆ.

ಹಿಂದೆ ಈ ಕೆಲಸ ಎರಡಾಳಿನ ಗರಗಸದಿಂದ ನಡೆಯುತ್ತಿತ್ತು. ಆ ಕಡೆಗೊಬ್ಬ, ಈ ಕಡೆಗೊಬ್ಬ. ಇಬ್ಬರಿಗೂ ಜಗಳವಾದ ದಿನ ಕೊಯ್ತವಿಲ್ಲ. ಯಂತ್ರಕ್ಕೂ ಶುರುವಿನಲ್ಲಿ ಇದೇ ಗತಿ. ಜರ್ಮನಿಯ ಆಂದ್ರೆಯಾಸ್ ಸ್ಟಿಲ್ 1926ರಲ್ಲಿ ಮಾಡಿದ ವಿದ್ಯುತ್ ಗರಗಸವನ್ನು ಹಿಡಿಯಲು ಇಬ್ಬರು ಬೇಕಿತ್ತು. ಒಬ್ಬನೇ ಎತ್ತಬಹುದಾದ ಗರಗಸ ಎರಡನೆಯ ಮಹಾಯುದ್ಧದ ನಂತರದ ಬೆಳೆ. ಸರಪಳಿಯ ಹಲ್ಲಿಗೆ ಇಂದಿನ ಕೊಕ್ಕೆಯ ಆಕಾರ ಕೊಟ್ಟವನು ಅಮೆರಿಕದ ಜೋಸೆಫ್ ಕಾಕ್ಸ್. ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸಿ ಮರದ ಎಳೆಗಳನ್ನು ಲೆಕ್ಕಿಸದೆ ತಿನ್ನುವುದನ್ನು ನೋಡಿ ಆತ ಆ ಮಾದರಿ ಹಿಡಿದ. 1947ರಲ್ಲಿ ಅದು ವ್ಯಾಪಾರಕ್ಕೆ ಬಂತು. ತೆಂಗಿನ ಸುಳಿ ತಿನ್ನುವ ಕುರುವಾಯಿಯನ್ನು ಕೊಕ್ಕೆ ಹಾಕಿ ಕೀಳುವ ಮಲೆನಾಡಿಗ, ಅದರ ನೆಂಟನೊಬ್ಬನಿಂದ ಕಲಿತ ವಿದ್ಯೆಯಿಂದಲೇ ಕಟ್ಟಿಗೆ ಕೊಯ್ಯುತ್ತಾನೆ.

ಮಿಷನ್ನು ಕೊಳ್ಳುವುದು ಎತ್ತು ಕೊಂಡ ಹಾಗೆ: ಬೇಕಾದದ್ದಕ್ಕಿಂತ ದೊಡ್ಡದೇ ಮನೆಗೆ ಬರುತ್ತದೆ. ಬಚ್ಚಲ ಒಲೆಗೆ ಹೋಗುವ ಕಟ್ಟಿಗೆಯ ಬಹುಪಾಲು ತೊಡೆಗಾತ್ರದ್ದು. ಅದಕ್ಕೆ ಸರಪಳಿ ಓಡುವ ಪಟ್ಟಿ 16 ಇಂಚಿನದಾದರೆ ಧಾರಾಳ. ಅದರಿಂದ ಎರಡೂ ಮಗ್ಗುಲಿನಿಂದ ಕೊಯ್ದು ಎರಡಡಿ ದಪ್ಪದ ದಿಮ್ಮಿಯನ್ನೂ ತುಂಡರಿಸಬಹುದು. ಆದರೆ ಅಂಗಡಿಯಲ್ಲಿ 22 ಇಂಚಿನ ಪಟ್ಟಿಯ, 58 ಸಿಸಿ ಎಂದು ಬರೆದ, ಕಿತ್ತಳೆ ಬಣ್ಣದ್ದು ಕಣ್ಣಿಗೆ ಬಿದ್ದ ಮೇಲೆ ಗಿರಾಕಿಗೆ ಹಿತ್ತಲ ಮರಗಳೆಲ್ಲ ಇದ್ದಕ್ಕಿದ್ದಂತೆ ದಪ್ಪಗಾಗುತ್ತವೆ.

ಮಿಷನ್ನಿಗೆ ಎರಡು ಹೊಟ್ಟೆ. ಒಂದಕ್ಕೆ ಟೂ-ಟಿ ಆಯಿಲ್ ಬೆರೆಸಿದ ಪೆಟ್ರೋಲು, ಇನ್ನೊಂದಕ್ಕೆ ಸರಪಳಿಗೆ ಸುರಿಯುವ ಎಣ್ಣೆ. ಹಿಂದೆ ಮೈಸೂರಿನ ಯೆಜ್ಡಿ ಬೈಕು ಓಡಿಸಿದವರಿಗೆ ಮೊದಲನೆಯದನ್ನು ವಿವರಿಸಬೇಕಿಲ್ಲ. ಕಂಪನಿಯ ಒಳ್ಳೆಯ ಆಯಿಲ್ ಆದರೆ ಸಾಮಾನ್ಯವಾಗಿ ಐವತ್ತಕ್ಕೆ ಒಂದು, ಅಂದರೆ ಲೀಟರಿಗೆ 20 ಮಿಲಿ. ಸಾಧಾರಣದ್ದಾದರೆ ಇಪ್ಪತ್ತೈದಕ್ಕೆ ಒಂದು, 40 ಮಿಲಿ. ಮಿಷನ್ನಿನ ಜೊತೆ ಬಂದ ಅಳತೆಯ ಬಾಟಲಿ ಮೊದಲ ವಾರವೇ ಕಳೆದುಹೋಗುವುದರಿಂದ ಮಕ್ಕಳ ಕೆಮ್ಮಿನ ಔಷಧಿಯ 5 ಮಿಲಿ ಮುಚ್ಚಳ ಆ ಸ್ಥಾನಕ್ಕೆ ಬರುತ್ತದೆ: ಲೀಟರಿಗೆ ನಾಲ್ಕು ಮುಚ್ಚಳ. ಒಮ್ಮೆ ಈ ಕೆಲಸಕ್ಕೆ ಬಂದ ಮುಚ್ಚಳ ಮತ್ತೆ ಕೆಮ್ಮಿನ ಕಡೆ ಹೋಗಬಾರದು. ಆಯಿಲ್ ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಆ ಹೊತ್ತಿಗೆ ಯಜಮಾನನ ಮುಖ ನೋಡಬಾರದು.

ಎರಡನೆಯ ಹೊಟ್ಟೆಗೆ ಹಲವರು ಗಾಡಿಯ ಕರಿ ಆಯಿಲ್ಲನ್ನೇ ಉಣಿಸುತ್ತಾರೆ. ಅದರಲ್ಲಿರುವ ಕಬ್ಬಿಣದ ನುಣ್ಣನೆ ಪುಡಿ ಪಂಪನ್ನೂ ಪಟ್ಟಿಯನ್ನೂ ತಿನ್ನುತ್ತದೆ. ಎಣ್ಣೆ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಒಣಗಿದ ಅಡಿಕೆ ಹಾಳೆಯೊಂದನ್ನು ಬಿಳಿ ಮಗ್ಗುಲು ಮೇಲಾಗಿ ನೆಲಕ್ಕೆ ಹಾಸಿ, ಪಟ್ಟಿಯ ಮೂತಿಯನ್ನು ಅದರಿಂದ ಗೇಣುದ್ದ ಮೇಲೆ ಹಿಡಿದು ಒಮ್ಮೆ ಜೋರಾಗಿ ಓಡಿಸಬೇಕು. ಹಾಳೆಯ ಮೇಲೆ ಕಾಡಿಗೆ ಎಳೆದಂತೆ ಸಣ್ಣ ಗೆರೆ ಬಿದ್ದರೆ ಎಲ್ಲವೂ ಕ್ಷೇಮ.

ಮಿಷನ್ನಿನ ಪರಮ ಪರೀಕ್ಷೆ ಮಹಾನವಮಿಯ ಮರುದಿನ. ಜೂನ್‌ನಿಂದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದ್ದದ್ದು ಆಯುಧಪೂಜೆಗೆ ಎದ್ದು, ಮೈ ಒರೆಸಿಕೊಂಡು, ಹಾರೆ, ಕೊಡಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲಿನಲ್ಲಿ ಕುಂಕುಮ, ಚೆಂಡುಹೂವು ಧರಿಸಿ ಕೂರುತ್ತದೆ. ಮರುದಿನ ಹಗ್ಗ ಎಳೆದರೆ ಹೂವು ಉದುರುತ್ತದೆ, ಎಂಜಿನ್ನು ಏಳುವುದಿಲ್ಲ. ಕಾರಣ ದೈವಿಕವಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರೆಂದರೆ ಪ್ರಾಣ. ನಾಲ್ಕು ತಿಂಗಳ ಥಂಡಿ ಗಾಳಿಯಿಂದ ಅದು ನೀರು ಹೀರಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿನ ಒಳಗಿನ ತೆಳು ಪೊರೆ ಹಪ್ಪಳದಂತೆ ಸೆಟೆಯುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕು ಬರಿದು ಮಾಡಿ, ಉಳಿದ ತೊಟ್ಟೂ ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಈ ಕಷ್ಟವಿಲ್ಲ. ಇದು ಎಲ್ಲರಿಗೂ ಗೊತ್ತು. ಪ್ರತಿ ನವರಾತ್ರಿಯಲ್ಲೂ ಗೊತ್ತಾಗುತ್ತದೆ.

ಏಳದ ಮಿಷನ್ನಿನ ಸುತ್ತ ಜನ ಸೇರುವುದು ಕ್ರಮ. ಚೋಕ್ ಹಾಕು ಎನ್ನುವವರು, ತೆಗಿ ಎನ್ನುವವರು ಸಮಸಂಖ್ಯೆಯಲ್ಲಿರುತ್ತಾರೆ. ಇಬ್ಬರ ಮಾತೂ ಕೇಳಿ ಮೂವತ್ತು ಸಲ ಎಳೆದಾಗ ಎಂಜಿನ್ನಿನೊಳಗೆ ಪೆಟ್ರೋಲು ತುಂಬಿ ಪ್ಲಗ್ಗು ತೊಯ್ಯುತ್ತದೆ. ಆಗ ಪ್ಲಗ್ಗು ಬಿಚ್ಚಿ, ಒರೆಸಿ, ಬರಿದೇ ಐದಾರು ಸಲ ಎಳೆದು ಒಳಗಿನದನ್ನು ಹೊರಹಾಕಿ, ಪ್ಲಗ್ಗಿನ ಸಂದು ಅರ್ಧ ಮಿಲಿಮೀಟರ್ ಇದೆಯೇ ನೋಡಿ ಮತ್ತೆ ಹಾಕಬೇಕು. ಇಷ್ಟರಲ್ಲಿ ಮನೆಯೊಳಗಿಂದ ಎರಡನೆಯ ಸಲ ಚಹಾ ಬಂದಿರುತ್ತದೆ, ಹಳೇ ಕೊಡಲಿಯ ಪ್ರಸ್ತಾಪವೂ ಬಂದಿರುತ್ತದೆ.

ಎದ್ದ ಮಿಷನ್ನು ಕೊಯ್ಯುವುದು ಹಲ್ಲಿನಿಂದ. 18 ಇಂಚಿನ ಪಟ್ಟಿಯ ಸರಪಳಿಗೆ ಸುಮಾರು 36 ಹಲ್ಲು, ಅರ್ಧ ಎಡಮುಖ, ಅರ್ಧ ಬಲಮುಖ. ಹಲ್ಲು ಹರಿತವಾಗಿದೆಯೇ ಎಂಬುದನ್ನು ಬೀಳುವ ಪುಡಿ ಹೇಳುತ್ತದೆ. ಅವಲಕ್ಕಿಯಂಥ ಚಕ್ಕೆ ಬಿದ್ದರೆ ಸರಿ. ರಾಗಿಹಿಟ್ಟು ಬಿದ್ದರೆ ಮಿಷನ್ನು ಮರವನ್ನು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಹಲ್ಲು ಕೆಡಲು ಜಂಬೆ, ಮತ್ತಿಯಂಥ ಗಟ್ಟಿ ಮರವೇ ಆಗಬೇಕಿಲ್ಲ. ದಿಮ್ಮಿ ದಾಟಿ ಒಂದು ಕ್ಷಣ ನೆಲದ ಜಂಬಿಟ್ಟಿಗೆ ತಾಗಿದರೆ ಸಾಕು. ಅದಕ್ಕಿಂತ ಕೆಟ್ಟದ್ದು ಹಳೇ ಬೇಲಿಸಾಲಿನ ಹಲಸು. ಅಜ್ಜನ ಕಾಲದಲ್ಲಿ ಹೊಡೆದ ಮುಳ್ಳುತಂತಿಯನ್ನು ಮರ ನುಂಗಿ, ಮೇಲೆ ತೊಗಟೆ ಮುಚ್ಚಿ, ಮೊಮ್ಮಗನ ಸರಪಳಿಗಾಗಿ ಕಾಯುತ್ತಿರುತ್ತದೆ. ಕಿಡಿ ಹಾರಿದಾಗ ಮೊಮ್ಮಗನಿಗೆ ಆಸ್ತಿಯ ಹಳೇ ಗಡಿ ನಿಖರವಾಗಿ ತಿಳಿಯುತ್ತದೆ.

ಹಲ್ಲು ಮಸೆಯಲು ದುಂಡು ಅರ ಬೇಕು: ಕೊಂಡಿಯ ಅಳತೆ (ಪಿಚ್) 0.325 ಇಂಚಾದ ಸರಪಳಿಗೆ 4.8 ಮಿಲಿಮೀಟರಿನದು, ಎಂಟರಲ್ಲಿ ಮೂರು ಇಂಚಿನದಕ್ಕೆ 5.2. ಹಲ್ಲಿನ ಒಳಗಿನಿಂದ ಹೊರಕ್ಕೆ, 30 ಡಿಗ್ರಿ ಓರೆಯಲ್ಲಿ, ಒಂದೇ ದಿಕ್ಕಿಗೆ, ಪ್ರತಿ ಹಲ್ಲಿಗೂ ಅಷ್ಟೇ ಸಲ. ಬಲಗೈಯವನಿಗೆ ಒಂದು ಕಡೆಯ ಹಲ್ಲು ಚೆನ್ನಾಗಿ ಒಗ್ಗುತ್ತದೆ, ಇನ್ನೊಂದು ಕಡೆಯದು ಬೇಜಾರಿನಲ್ಲಿ ಮುಗಿಯುತ್ತದೆ. ಪರಿಣಾಮವಾಗಿ ನೆಟ್ಟಗೆ ಹೊರಟ ಕೊಯ್ತ ಎತ್ತಿನಂತೆ ಒಂದೇ ಮಗ್ಗುಲಿಗೆ ಎಳೆಯುತ್ತದೆ. ಕೆಲಸ ಹತ್ತು ನಿಮಿಷದ್ದು; ಮುಂದೂಡುವುದಕ್ಕೆ ಒಂದು ತಿಂಗಳು ಹಿಡಿಯುತ್ತದೆ.

ಆ ತಿಂಗಳಲ್ಲೇ ಮಾರ್ಪಾಡುಗಳು ಹುಟ್ಟುವುದು. ಕೊಯ್ತ ನಿಧಾನವಾದದ್ದು ಎಂಜಿನ್ನಿನ ಬಲ ಸಾಲದೆ ಎಂದು ತೀರ್ಮಾನಿಸಿ ಯಜಮಾನ ಸೈಲೆನ್ಸರಿಗೆ ಎರಡು ತೂತು ಹೊಡೆಯುತ್ತಾನೆ. ಬಲಕ್ಕಿಂತ ಸದ್ದು ಹೆಚ್ಚುತ್ತದೆ. ಕಾರ್ಬುರೇಟರಿನ ತಿರುಪು ತಕ್ಕಂತೆ ಬದಲಾಗದಿದ್ದರೆ ಪೆಟ್ರೋಲು ಸಾಲದೆ ಪಿಸ್ಟನ್ ಕಾದು ಗೀರು ಬೀಳುತ್ತದೆ. ಇನ್ನೊಬ್ಬ ಹಲ್ಲಿನ ಮುಂದಿರುವ ಆಳದ ಗೂಟವನ್ನು ಅರದಿಂದ ಉಜ್ಜಿ ತಗ್ಗಿಸುತ್ತಾನೆ. ಆ ಗೂಟ ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಹೆಚ್ಚು ತಗ್ಗಿದರೆ ಮಿಷನ್ನು ಹೊಸ ಹೋರಿಯಂತೆ ಜಗ್ಗುತ್ತದೆ. ಮೂರನೆಯವ ಹಲಗೆ ಕೊಯ್ಯುವ ಚೌಕಟ್ಟು ಕಟ್ಟಿಸುತ್ತಾನೆ. ಎಳೆಯುದ್ದಕ್ಕೆ ಸೀಳಲು ಹಲ್ಲಿನ ಓರೆ ಸುಮಾರು 10 ಡಿಗ್ರಿಗೆ ಇಳಿಯಬೇಕು. 30 ಡಿಗ್ರಿಯಲ್ಲೇ ಸೀಳಿದ ಹಲಗೆಯ ಮೇಲೆ ಬಟ್ಟೆ ಒಗೆಯಬಹುದು. ಮಿಷನ್ನಿಗೆ ಕೈ ಹಾಕದೆ ಮಾಡಬಹುದಾದ ಮಾರ್ಪಾಡು ಒಂದಿದೆ: ಗಳ ನಾಲ್ಕನ್ನು ಕತ್ತರಿಯಾಗಿ ಕಟ್ಟಿದ ಎರಡು ಜೋಡಿ ಕಾಲು. ಅದರ ಮೇಲೆ ಕಟ್ಟಿಗೆ ಇಟ್ಟು ಕೊಯ್ದರೆ ಸರಪಳಿ ನೆಲ ಕಾಣುವುದಿಲ್ಲ, ಸೊಂಟವೂ ಬಾಗುವುದಿಲ್ಲ. ಖರ್ಚಿಲ್ಲದ ಕಾರಣ ಇದು ಹೆಚ್ಚು ಪ್ರಚಾರ ಪಡೆದಿಲ್ಲ.

ಸುರಕ್ಷತೆಯ ಚಿತ್ರಪಟದಲ್ಲಿ ಹೆಲ್ಮೆಟ್, ಕಿವಿಮುಚ್ಚಳ, ದಪ್ಪ ಶರಾಯಿ, ಬೂಟು ತೊಟ್ಟವನೊಬ್ಬ ಇರುತ್ತಾನೆ. ಲುಂಗಿಯ ಪ್ರಸ್ತಾಪ ಅದರಲ್ಲಿಲ್ಲ. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 72 ಕಿಲೋಮೀಟರ್. ಹುಲಿಕಲ್ ಘಾಟಿಯಲ್ಲಿ ಯಾವ ಬಸ್ಸಿಗೂ ಆ ಧೈರ್ಯವಿಲ್ಲ. ಪಟ್ಟಿಯ ಮೂತಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮಿಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಹಾರುತ್ತದೆ. ಅದಕ್ಕಾಗಿಯೇ ಮುಂದೆ ಬ್ರೇಕಿನ ಅಡ್ಡಹಿಡಿಯಿದೆ. ‘ಅಡ್ಡ ಬರುತ್ತೆ’ ಎಂದು ಅದನ್ನು ಬಿಚ್ಚಿಡುವುದು ಮಾರ್ಪಾಡು ಅಲ್ಲ, ಮೂರ್ಖತನ. ಕಾನೂನಿನದೂ ಒಂದು ಮಾತಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಅಡಿಕೆ, ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥವಕ್ಕೆ ವಿನಾಯಿತಿಯಿದೆ. ತೂತು ಹೊಡೆದ ಸೈಲೆನ್ಸರಿನವನು ಇದನ್ನು ವಿಶೇಷವಾಗಿ ನೆನಪಿಡಬೇಕು.

ಇನ್ನು ಎರವಲು. ಹೋಗುವಾಗ ಟ್ಯಾಂಕು ತುಂಬಿ, ಹಲ್ಲು ಹರಿತವಾಗಿದ್ದ ಮಿಷನ್ನು ಬರುವಾಗ ಟ್ಯಾಂಕು ಖಾಲಿಯಾಗಿ, ಹಲ್ಲು ಮೊಂಡಾಗಿ, ಜೊತೆಗೊಂದು ಹಲಸಿನ ಹಣ್ಣು ಹೊತ್ತು ಬರುತ್ತದೆ. ಹಣ್ಣು ಬಂದ ಮೇಲೆ ಮಾತಾಡುವಂತಿಲ್ಲ. ಅನುಭವಸ್ಥರು ಎರಡು ಸರಪಳಿ ಇಟ್ಟುಕೊಂಡು, ಹಳೆಯದನ್ನು ಹಾಕಿ ಕೊಡುತ್ತಾರೆ.

ಇಷ್ಟೆಲ್ಲ ಆದರೂ ಮಿಷನ್ನು ಮಾಡುವುದು ತುಂಡರಿಸುವ ಕೆಲಸ ಮಾತ್ರ. ಕುಂಟೆಯನ್ನು ಕೊಡಲಿ, ಬೆಣೆಯಿಂದ ಸಿಗಿಯುವುದು, ಹೊರುವುದು, ಒಟ್ಟುವುದು, ಒಣಗಿಸುವುದು ಮೊದಲಿನಂತೆ ಮನುಷ್ಯನ ಪಾಲಿಗೇ ಉಳಿದಿವೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದನ್ನು ತೆಗೆಯುವ ಎಂಜಿನ್ನು ಬೇಸಿಗೆಯ ಬಿಸಿಲೊಂದೇ. ಆದ್ದರಿಂದ ಸರಪಳಿ ಮಸೆಯುವುದು ಶಿವರಾತ್ರಿಗೆ ಮುಗಿಯಬೇಕು, ಕೊಯ್ತ ಯುಗಾದಿಗೆ. ಮೃಗಶಿರ ಮಳೆಗೆ ಮುಂಚೆ ಮಾಡಿನಡಿ ಸೇರಿದ್ದು ಕಟ್ಟಿಗೆ. ಆಮೇಲೆ ಸೇರಿದ್ದು ಬರೀ ಹೊಗೆ.