ಹೂ ಬಿಟ್ಟು ಪುಡಿ ಕದ್ದವನು

ನಿವೃತ್ತ ಗುಮಾಸ್ತನ ಕೈಗೆ ಬಣ್ಣದ ಕುಂಚ ಸಿಗಬಾರದು. ಸಿಕ್ಕರೆ ಚಿತ್ರ ಬರೆದು ನೆಂಟರಿಗೆ ಹಂಚುತ್ತಾನೆ, ಇಲ್ಲವೇ ನನ್ನ ಹಾಗೆ ದಾಸವಾಳಕ್ಕೆ ಮದುವೆ ಮಾಡಿಸಲು ಹೊರಡುತ್ತಾನೆ.

ನಮ್ಮ ಮನೆಯದು ಐದೆಸಳಿನ ಕೆಂಪು ದಾಸವಾಳ. ಎದುರು ಮನೆಯದು ಹಳದಿ. ಎರಡನ್ನೂ ಕೂಡಿಸಿದರೆ ಕಿತ್ತಳೆ ಹೂ ಬರುತ್ತದೆ, ಅದಕ್ಕೆ ನನ್ನ ಹೆಸರಿಡಬಹುದು ಎಂಬುದು ನನ್ನ ಲೆಕ್ಕ. ಧೈರ್ಯ ಬಂದದ್ದು ಧಾರವಾಡದಿಂದ. 1972ರಲ್ಲಿ ಅಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ‘ವರಲಕ್ಷ್ಮಿ’ ತಂದರಲ್ಲ? ಹತ್ತಿ, ಬೆಂಡೆ, ದಾಸವಾಳ ಒಂದೇ ಕುಟುಂಬದವು. ಹತ್ತಿಗೆ ಕೂಡಿಬಂದ ಸಂಬಂಧ ದಾಸವಾಳಕ್ಕೆ ಬಾರದೇ? ಕಟರಕಿಯವರು ವಿಜ್ಞಾನಿ, ನಾನು ಜಮಾಖರ್ಚಿನವನು ಎಂಬ ಸಣ್ಣ ವ್ಯತ್ಯಾಸ ಆಗ ಹೊಳೆಯಲಿಲ್ಲ.

ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಪರಾಗ ಬೇಕೆಂದರೆ ಬೆಳಿಗ್ಗೆಯೇ ಹೋಗಬೇಕು. ಅದು ಬೆಂಗಳೂರಿನಲ್ಲಿ ಹೂಗಳ್ಳರ ಹೊತ್ತು. ಕೇಳಿಯೇ ತರಬಹುದಿತ್ತು, ಆದರೆ ಎದುರು ಮನೆಯಾಕೆಗೂ ನಮಗೂ ನೀರಿನ ಪೈಪಿನ ವಿಷಯಕ್ಕೆ ಮಾತು ನಿಂತು ಎರಡು ವರ್ಷ. ಹೆಂಡತಿಯ ಖಾಲಿ ಕುಂಕುಮದ ಭರಣಿ, ಮಗಳ ಹಳೆಯ ಕುಂಚ ಹಿಡಿದು ಮೋರಿ ಕಲ್ಲು ಹತ್ತಿದೆ. ಕೊಂಬೆ ಬಗ್ಗಿಸಿದೆ. ಅದು ಕೈ ತಪ್ಪಿ ಚಿಮ್ಮಿತು. ಭರಣಿ ಮೋರಿಗೆ, ಪರಾಗವೆಲ್ಲ ನನ್ನ ಮೂಗಿಗೆ.

“ಏನ್ರೀ, ಹೂ ಕೀಳ್ತಿದ್ದೀರಾ?”

“ಇಲ್ಲಮ್ಮ, ಬರೀ ಪುಡಿ ಒರೆಸಿಕೊಳ್ತಿದ್ದೆ.”

“ಹೂ ಕದಿಯೋರನ್ನ ನೋಡಿದ್ದೀನಿ. ಧೂಳು ಕದಿಯೋರನ್ನ ಇವತ್ತೇ ನೋಡಿದ್ದು!”

ಎರಡು ವರ್ಷದ ಮೌನ ಮುರಿದದ್ದು ಹೀಗೆ.

ಮೂಗಿನ ಮೇಲಿದ್ದುದನ್ನೇ ಕುಂಚದಲ್ಲಿ ಬಳಿದು ತಂದು, ನಮ್ಮ ಹೂಗಳ ತುದಿಯಲ್ಲಿರುವ ಐದೈದು ಕೆಂಪು ಚುಕ್ಕೆಗಳಿಗೆ ಸವರಿದೆ. ಹನ್ನೆರಡು ಹೂಗಳಲ್ಲಿ ಹನ್ನೊಂದು ಅರ್ಧ ಗಂಟೆಯಲ್ಲಿ ಅಮ್ಮನ ಬುಟ್ಟಿ ಸೇರಿ ಗಣಪತಿಯ ತಲೆಯೇರಿದವು. ಉಳಿದ ಒಂದಕ್ಕೆ ದಾರ ಕಟ್ಟಿ ಕಾವಲು ಕೂತೆ. ಕಾಯಿ ಕಚ್ಚಿತು! ಎರಡು ತಿಂಗಳಿಗೆ ಬಿರಿದು ಏಳು ಬೀಜ ಕೊಟ್ಟಿತು. ಮೊಳೆತದ್ದು ಮೂರು. ಒಂದನ್ನು ಬಸವನಹುಳು ತಿಂದಿತು. ಇನ್ನೊಂದನ್ನು ನಾನೇ ಗೊಬ್ಬರ ಸುರಿದು ಕೊಂದೆ. ಮೂರನೆಯದು ಒಂದೂವರೆ ವರ್ಷಕ್ಕೆ ಮೊಗ್ಗು ಬಿಟ್ಟಿತು. ಬೀದಿಯವರನ್ನೆಲ್ಲ ಕಾಫಿಗೆ ಕರೆದೆ. ಎದುರು ಮನೆಯಾಕೆಯೂ ಬಂದರು.

ಹೂ ಅರಳಿತು. ಕೆಂಪು. ಐದೆಸಳು.

ಯಾರೂ ಮಾತಾಡಲಿಲ್ಲ. ಕೊನೆಗೆ ಲೋಟ ತೊಳೆಯುತ್ತಿದ್ದ ನಮ್ಮ ಮನೆಗೆಲಸದಾಕೆ ಬಂದು ನೋಡಿದರು. ರಾಣೆಬೆನ್ನೂರು ಕಡೆಯವರು; ಬೀಜದ ಪ್ಲಾಟುಗಳಲ್ಲಿ ಟೊಮೆಟೊ, ಮೆಣಸಿನಗಿಡಕ್ಕೆ ಕ್ರಾಸಿಂಗ್ ಮಾಡಿದ ಕೈ.

“ಹಿಂದಿನ ದಿನ ಸಂಜಿಮುಂದ ಮೊಗ್ಗಿ ಬಿಡಿಸಿ ಗಂಡು ತಗದಿದ್ರೇನ್ರಿ ಸಾಹೇಬ್ರ?”

“ಯಾವ ಗಂಡು?”

ಕೇಸರ ಒಡೆಯುವ ಮೊದಲೇ ಅದನ್ನು ಕಿತ್ತು, ಗುರುತಿಗೆ ದಾರ ಕಟ್ಟಿ, ಮರುದಿನ ಬೇರೆ ಗಿಡದ ಪರಾಗ ಮುಟ್ಟಿಸಬೇಕಂತೆ. ನಾನು ದಾರ ಕಟ್ಟಿದ್ದೆ; ಅದೊಂದೇ ಸರಿಯಾಗಿತ್ತು.

“ಅದರ ಗಂಡು ಮಗ್ಗಲದಾಗ ಇರೂವಾಗ ನಿಮ್ಮ ಮೂಗಿನ ಮ್ಯಾಲಿಂದು ಯಾಕ ಬೇಕ್ರಿ ಅದಕ್ಕ?” ಎಂದು ಆಕೆ ಒಳಗೆ ಹೋದರು.

ನನ್ನ ತಳಿ ಈಗ ದಿನಕ್ಕೆರಡು ಹೂ ಬಿಡುತ್ತಿದೆ. ಕಡ್ಡಿ ನೆಟ್ಟರೂ ಬರುತ್ತದೆ. ಬೇಕಾದವರು ಬನ್ನಿ, ಬೆಲ್ ಒತ್ತಿ ಬನ್ನಿ, ಮೋರಿ ಕಲ್ಲು ಹತ್ತಬೇಡಿ.